ಗಂಟೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಸಂಜೆ ಆರಕ್ಕೆ ಮುಚ್ಚುವವರನ್ನು ‘ಇವತ್ತು ಏನೇನು ಮಾಡಿದಿರಿ?’ ಎಂದು ಕೇಳಿ ನೋಡಿ. ‘ಏನೋ, ಕೆಲಸ ಇತ್ತು’ ಎನ್ನುತ್ತಾರೆ. ಅಷ್ಟು ಹೊತ್ತು ಎಲ್ಲಿ ಹೋಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಹೊಲದಲ್ಲಿ ದುಡಿದವರಿಗೆ ಈ ತೊಂದರೆ ಇಲ್ಲ. ಎಷ್ಟು ಸಾಲು ಕಳೆ ತೆಗೆದದ್ದಾಯಿತು, ಎಷ್ಟು ಮಡಿಗೆ ನೀರು ಕಟ್ಟಿದ್ದಾಯಿತು ಎಂಬುದು ಸಂಜೆ ಬದುವಿನ ಮೇಲೆ ನಿಂತರೆ ಕಣ್ಣಿಗೇ ಕಾಣುತ್ತದೆ. ಸ್ಕ್ರೀನಿನ ಮುಂದಿನ ದುಡಿಮೆಗೆ ಅಂಥ ಸಾಲೂ ಇಲ್ಲ, ಮಡಿಯೂ ಇಲ್ಲ.

ಈ ಕೊರತೆ ತುಂಬಲು ತಂತ್ರಾಂಶಗಳು ಬಂದಿವೆ. ಒಮ್ಮೆ ಹಾಕಿಕೊಂಡರೆ ಸಾಕು, ಕಂಪ್ಯೂಟರ್ ತೆರೆದಾಗಿನಿಂದ ಮುಚ್ಚುವ ತನಕ ಹಿಂದೆ ಕೂತು ಬರೆದುಕೊಳ್ಳುತ್ತಲೇ ಇರುತ್ತವೆ. ಯಾವ ಕಿಟಕಿ ಎಷ್ಟು ಸೆಕೆಂಡು ತೆರೆದಿತ್ತು, ಯಾವ ವೆಬ್‌ಸೈಟಿಗೆ ಎಷ್ಟು ಸಲ ಹೋದಿರಿ, ಕೀಬೋರ್ಡ್ ಮುಟ್ಟದೆ ಎಷ್ಟು ಹೊತ್ತು ಸುಮ್ಮನಿದ್ದಿರಿ, ಎಲ್ಲವೂ ದಾಖಲು. ದಿನದ ಕೊನೆಗೆ ಬಣ್ಣದ ಪಟ್ಟಿ, ಪಟ್ಟಿಯ ಪಕ್ಕದಲ್ಲಿ ಒಂದು ಅಂಕ. ನಮ್ಮ ಗುಂಪಿನ ಕೆಲವರು ಇದನ್ನು ಬಳಸಿದರು. ಒಬ್ಬರಿಗೆ ಇದು ಕನ್ನಡಿ, ಇನ್ನೊಬ್ಬರಿಗೆ ಪೊಲೀಸು. ವಾದ ಮುಗಿಯಲಿಲ್ಲ. ಹಾಗಾಗಿ ಈ ವಸ್ತು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದೆವು.

ಹುಡುಕಿದಾಗ ಸಿಕ್ಕಿದ್ದು ಎರಡು ಮನೆತನ. ಒಂದರಲ್ಲಿ ಧಣಿ ಆಳಿನ ಸಮಯದ ಲೆಕ್ಕ ಬರೆಯುತ್ತಾನೆ. ಇನ್ನೊಂದರಲ್ಲಿ ಮನುಷ್ಯ ತನ್ನ ಸಮಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತಾನೆ. ಮುನ್ನೂರು ವರ್ಷ ಬೇರೆ ಬೇರೆಯಾಗಿ ನಡೆದು ಬಂದ ಈ ಎರಡೂ ನಮ್ಮ ಕಾಲದ ಕಂಪ್ಯೂಟರಿನೊಳಗೆ ಒಂದೇ ಸೂರಿನಡಿ ವಾಸವಾಗಿವೆ. ಜಗಳಕ್ಕೆ ಮೂಲ ಅದೇ ಎಂದು ನಮಗೆ ತೋರುತ್ತದೆ.

ಬೀಗ ಹಾಕಿದ ಗಡಿಯಾರ

ಮೊದಲನೆಯ ಮನೆತನದ ಹಿರಿಯರಲ್ಲಿ ಒಬ್ಬ ಆಂಬ್ರೋಸ್ ಕ್ರೌಲಿ. ಇಂಗ್ಲೆಂಡಿನ ಉತ್ತರದಲ್ಲಿ, ನ್ಯೂಕಾಸಲ್ ಪಟ್ಟಣದ ಹತ್ತಿರ ವಿನ್ಲಾಟನ್ ಮತ್ತು ಸ್ವಾಲ್ವೆಲ್ ಎಂಬ ಊರುಗಳಲ್ಲಿ ಅವನ ಕಬ್ಬಿಣದ ಕಾರ್ಖಾನೆಗಳಿದ್ದವು. ಮೊಳೆ, ಸರಪಳಿ, ಗುದ್ದಲಿ, ಲಂಗರು ಅಲ್ಲಿ ತಯಾರಾಗುತ್ತಿದ್ದವು. 1700ರ ಸುಮಾರಿಗೆ ಕ್ರೌಲಿ ತನ್ನ ಕೆಲಸಗಾರರಿಗೆಂದು ಒಂದು ದೊಡ್ಡ ಕಾನೂನು ಪುಸ್ತಕವನ್ನೇ ಬರೆಸಿದ. ಧಣಿ ದೂರದಲ್ಲಿ, ಕಾರ್ಖಾನೆ ಇಲ್ಲಿ. ಕಣ್ಣು ತಲುಪದ ಕಡೆಗೆ ಕಾಗದ ತಲುಪಬೇಕಿತ್ತು.

ಆ ಪುಸ್ತಕದಲ್ಲಿ ಸಮಯದ ಲೆಕ್ಕ ಹೀಗಿದೆ. ಬೆಳಿಗ್ಗೆ 5ರಿಂದ ರಾತ್ರಿ 8ರ ತನಕ 15 ಗಂಟೆ. ಅದರಲ್ಲಿ ತಿಂಡಿ ಊಟಕ್ಕೆ ಒಂದೂವರೆ ಗಂಟೆ ಕಳೆದರೆ ಹದಿಮೂರೂವರೆ ಗಂಟೆ ನಿವ್ವಳ ದುಡಿಮೆ. ಹೆಂಡದಂಗಡಿ, ಕಾಫಿ ಅಂಗಡಿಗಳಲ್ಲಿ ಕಳೆದದ್ದು, ಆಟ, ನಿದ್ದೆ, ಹೊಗೆಬತ್ತಿ, ಹಾಡು, ಜಗಳ, ಎಲ್ಲವನ್ನೂ ಕಳೆದು ಉಳಿದದ್ದಕ್ಕೆ ಮಾತ್ರ ಕೂಲಿ. ಕಳೆಯಬೇಕಾದವುಗಳ ಪಟ್ಟಿಯಲ್ಲಿ ಸುದ್ದಿ ಓದುವುದೂ ಇದೆ. ಪತ್ರಿಕೋದ್ಯಮ ಓದಿದ ನಮ್ಮಂಥವರು ಗಮನಿಸಬೇಕಾದ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರತಿ ಕೆಲಸಗಾರನ ಹೆಸರಿಗೂ ಒಂದು ಸಮಯದ ಹಾಳೆ. ಅವನು ಬಂದದ್ದು, ಹೋದದ್ದು ನಿಮಿಷದ ಲೆಕ್ಕದಲ್ಲಿ ಅದರಲ್ಲಿ ಏರಬೇಕು. ಬರೆಯುವುದಕ್ಕೆ ಮೇಲ್ವಿಚಾರಕರು ಬೇರೆ. ಅವರ ಗಡಿಯಾರ ಬಿಟ್ಟು ಬೇರೆ ಯಾವ ಗಡಿಯಾರವನ್ನೂ, ಗಂಟೆಯನ್ನೂ, ನೆರಳು ಗಡಿಯಾರವನ್ನೂ ಯಾರೂ ಲೆಕ್ಕಕ್ಕೆ ಹಿಡಿಯಕೂಡದು. ಆ ಗಡಿಯಾರವನ್ನು ಯಾರೂ ಮುಟ್ಟದಂತೆ ಬೀಗದೊಳಗೆ ಇಡಬೇಕು.

ಇಂಗ್ಲಿಷ್ ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದ ಒಂದು ಹೆಸರಾಂತ ಪ್ರಬಂಧದಲ್ಲಿ ಈ ಪುಸ್ತಕದ ಕಥೆ ಬರುತ್ತದೆ. ಅದಕ್ಕಿಂತ ಮುಂಚೆ ಕೆಲಸವೇ ಹೊತ್ತನ್ನು ಅಳೆಯುತ್ತಿತ್ತು, ಕಾರ್ಖಾನೆ ಬಂದ ಮೇಲೆ ಹೊತ್ತು ಕೆಲಸವನ್ನು ಅಳೆಯತೊಡಗಿತು ಎಂಬುದು ಅವರ ವಾದದ ತಿರುಳು. ಇದು ನಮ್ಮ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಹಾಲು ಕರೆಯುವ ಹೊತ್ತು, ದನ ಬಿಡುವ ಹೊತ್ತು ಎಂಬ ಮಾತು ಇನ್ನೂ ನಮ್ಮ ಮನೆಗಳಲ್ಲಿ ಉಳಿದಿದೆ. ಥಾಂಪ್ಸನ್ ಕೊಡುವ ಇನ್ನೊಂದು ವಿವರ ನಮ್ಮನ್ನು ಹೆಚ್ಚು ಕಾಡಿತು. ಹತ್ತೊಂಬತ್ತನೆಯ ಶತಮಾನದ ಕೆಲವು ಗಿರಣಿಗಳಲ್ಲಿ ಮಾಲೀಕರು ಬೆಳಿಗ್ಗೆ ಗಡಿಯಾರವನ್ನು ಮುಂದಕ್ಕೂ ಸಂಜೆ ಹಿಂದಕ್ಕೂ ತಿರುಗಿಸುತ್ತಿದ್ದರಂತೆ. ಆಳುಗಳು ತಮ್ಮ ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳಲು ಹೆದರುತ್ತಿದ್ದರು. ಹೊತ್ತು ತಿಳಿದವನು ಕೆಲಸ ಕಳೆದುಕೊಳ್ಳುತ್ತಿದ್ದ. ಎಂದರೆ ಆಳಿಗೆ ಗಡಿಯಾರ ಇರುವುದು ಸಮಸ್ಯೆಯಾಗಿರಲಿಲ್ಲ, ಆಳಿನ ಕೈಯಲ್ಲಿ ಗಡಿಯಾರ ಇರುವುದು ಸಮಸ್ಯೆಯಾಗಿತ್ತು.

ಮುದ್ರಕನ ಚಿಕ್ಕ ಪುಸ್ತಕ

ಎರಡನೆಯ ಮನೆತನದ ಹಿರಿಯ ಬೆಂಜಮಿನ್ ಫ್ರಾಂಕ್ಲಿನ್. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ, ಮಿಂಚಿನ ಪ್ರಯೋಗ ಮಾಡಿದ ವಿಜ್ಞಾನಿ ಎಂದು ಶಾಲೆಯಲ್ಲಿ ಓದಿದ್ದೇವೆ. ಅದಕ್ಕೂ ಮೊದಲು ಆತ ನಮ್ಮ ಕಸುಬಿನವನು. ಅಚ್ಚುಮೊಳೆ ಜೋಡಿಸಿ ಮೇಲೆ ಬಂದವನು, 1729ರಲ್ಲಿ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯನ್ನು ಕೊಂಡು ನಡೆಸಿದವನು.

ಯೌವನದಲ್ಲಿ ಫ್ರಾಂಕ್ಲಿನ್ ಒಂದು ಚಿಕ್ಕ ಪುಸ್ತಕ ಮಾಡಿಕೊಂಡ ಸಂಗತಿ ಅವನ ಆತ್ಮಕಥೆಯಲ್ಲಿದೆ. ಪುಟಕ್ಕೆ ಏಳು ಕಂಬ, ವಾರದ ಏಳು ದಿನಕ್ಕೆ. ಹದಿಮೂರು ಅಡ್ಡ ಸಾಲು, ಹದಿಮೂರು ಗುಣಗಳಿಗೆ. ಮಿತ ಆಹಾರ, ಮೌನ, ಅಚ್ಚುಕಟ್ಟು, ದುಡಿಮೆ, ಪ್ರಾಮಾಣಿಕತೆ, ಹೀಗೆ. ಆ ದಿನ ಯಾವ ಗುಣದಲ್ಲಿ ತಪ್ಪಿದನೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಜೊತೆಗೆ 24 ಗಂಟೆಯ ದಿನಚರಿಯ ಪಟ್ಟಿ. 5ಕ್ಕೆ ಏಳುವುದು, ಇವತ್ತು ಯಾವ ಒಳ್ಳೆಯ ಕೆಲಸ ಮಾಡಲಿ ಎಂದು ಕೇಳಿಕೊಳ್ಳುವುದು. ರಾತ್ರಿ ಮಲಗುವ ಮುಂಚೆ ಏನು ಒಳ್ಳೆಯದು ಮಾಡಿದೆ ಎಂದು ಕೇಳಿಕೊಳ್ಳುವುದು.

ಎಲ್ಲಕ್ಕಿಂತ ಅವನನ್ನು ಸತಾಯಿಸಿದ್ದು ಅಚ್ಚುಕಟ್ಟು. ಧಣಿಯಾದವನು ಜನರನ್ನು ಕಾಣಬೇಕು, ಅವರು ಬಂದಾಗ ಬರುತ್ತಾರೆ, ಪಟ್ಟಿಯ ಪ್ರಕಾರ ಬರುವುದಿಲ್ಲ. ಹಳೆಯ ಚುಕ್ಕೆ ಕೆರೆದು ಹೊಸ ಸುತ್ತಿಗೆ ಅದೇ ಪುಟ ಬಳಸಿ ಬಳಸಿ ಕಾಗದದಲ್ಲಿ ತೂತು ಬಿದ್ದವು. ಆಮೇಲೆ ದಂತದ ತೆಳು ಹಾಳೆಗಳಿಗೆ ಬದಲಾಯಿಸಿಕೊಂಡ. ಒದ್ದೆ ಸ್ಪಂಜಿನಿಂದ ಒರೆಸಿದರೆ ಅಳಿಸಿ ಹೋಗುತ್ತಿತ್ತು. ಕೊನೆಗೂ ಅಚ್ಚುಕಟ್ಟು ಕೈಗೆ ಬರಲಿಲ್ಲ. ಆದರೆ ಆ ಪ್ರಯತ್ನದಿಂದ ಇದ್ದದ್ದಕ್ಕಿಂತ ಉತ್ತಮನಾದೆ ಎಂದು ಮುದುಕನಾದ ಮೇಲೆ ಬರೆದುಕೊಂಡ.

ಕ್ರೌಲಿಯ ಹಾಳೆಯಲ್ಲಿ ಚುಕ್ಕೆ ಬಿದ್ದರೆ ಕೂಲಿ ಕಡಿತ. ಫ್ರಾಂಕ್ಲಿನ್ ಹಾಳೆಯಲ್ಲಿ ಚುಕ್ಕೆ ಬಿದ್ದರೆ ಮುಂದಿನ ಸುತ್ತಿಗೆ ಅಳಿಸಿ ಮತ್ತೆ ಶುರು. ಅಳಿಸುವ ಹಕ್ಕು ಬರೆದವನಿಗೇ ಇತ್ತು.

ಬಂಡಿಯ ಯಂತ್ರ, ಟೇಲರನ ಸ್ಟಾಪ್‌ವಾಚು

ಮತ್ತೆ ಮೊದಲ ಮನೆತನಕ್ಕೆ ಬರೋಣ. ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ವಿಲ್ಲಾರ್ಡ್ ಬಂಡಿ ಎಂಬ ಆಭರಣದ ವ್ಯಾಪಾರಿ ಇದ್ದ. ನಮ್ಮ ಎತ್ತಿನ ಬಂಡಿಗೂ ಅವನಿಗೂ ಸಂಬಂಧ ಇಲ್ಲ. 1888ರ ಹೊತ್ತಿಗೆ ಆತ ಹಾಜರಿ ದಾಖಲಿಸುವ ಗಡಿಯಾರ ಮಾಡಿದ. ಪ್ರತಿ ಕೆಲಸಗಾರನಿಗೂ ಸಂಖ್ಯೆ ಇರುವ ಒಂದು ಕೀಲಿ. ಬರುವಾಗ, ಹೋಗುವಾಗ ಅದನ್ನು ಯಂತ್ರಕ್ಕೆ ತೂರಿಸಿ ತಿರುಗಿಸಿದರೆ ಸಂಖ್ಯೆ ಮತ್ತು ಸಮಯ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಕ್ರೌಲಿಯ ಮೇಲ್ವಿಚಾರಕನ ಕೆಲಸವನ್ನು ಯಂತ್ರ ಮಾಡತೊಡಗಿತು.

ಬಂಡಿ ಸಹೋದರರ ಕಂಪನಿ ಬೇರೆ ಹಾಜರಿ ಗಡಿಯಾರದ ಕಂಪನಿಗಳ ಜೊತೆ ಸೇರಿತು. ಆ ಗುಂಪು 1911ರಲ್ಲಿ ತಕ್ಕಡಿ ಮಾಡುವ ಕಂಪನಿ, ಜನಗಣತಿಯ ಕಾರ್ಡು ಎಣಿಸುವ ಯಂತ್ರದ ಕಂಪನಿ ಜೊತೆ ಸೇರಿ ಒಂದೇ ಸಂಸ್ಥೆಯಾಯಿತು. 1924ರಲ್ಲಿ ಅದು ತನ್ನ ಹೆಸರು ಬದಲಾಯಿಸಿಕೊಂಡಿತು. ಆ ಹೊಸ ಹೆಸರು ಐಬಿಎಂ. ಜಗತ್ತಿಗೆ ಕಂಪ್ಯೂಟರ್ ಹಂಚಿದ ಕಂಪನಿಯ ಅಜ್ಜಂದಿರಲ್ಲಿ ಒಬ್ಬ ಹಾಜರಿ ಗಡಿಯಾರ. ಐಬಿಎಂ ಆ ಗಡಿಯಾರಗಳ ವಿಭಾಗವನ್ನು ಮಾರಿದ್ದು 1958ರಲ್ಲಿ. ಕಂಪ್ಯೂಟರಿಗೆ ನಮ್ಮ ಗಂಟೆ ಎಣಿಸುವ ಚಪಲ ನಿನ್ನೆ ಮೊನ್ನೆ ಬಂದದ್ದಲ್ಲ.

ಬಂಡಿಯ ಯಂತ್ರಕ್ಕೆ ಬಾಗಿಲು ಮಾತ್ರ ಕಾಣುತ್ತಿತ್ತು. ಒಳಗೆ ಏನು ನಡೆಯುತ್ತದೆ ಎಂಬುದನ್ನು ಅಳೆಯಲು ಹೊರಟವನು ಫ್ರೆಡರಿಕ್ ಟೇಲರ್. ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ 1880ರ ದಶಕದಲ್ಲಿ ಒಂದೊಂದು ಕೆಲಸವನ್ನೂ ಚೂರು ಚೂರು ಮಾಡಿ, ಪ್ರತಿ ಚೂರಿಗೂ ಸ್ಟಾಪ್‌ವಾಚ್ ಹಿಡಿದ. ಅವನ ‘ವೈಜ್ಞಾನಿಕ ನಿರ್ವಹಣೆ’ಯ ಪುಸ್ತಕ ಬಂದದ್ದು 1911ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಬಾಸ್ಟನ್ ಹತ್ತಿರದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಎರಕ ಹೊಯ್ಯುವವರ ಮೇಲೆ ಸ್ಟಾಪ್‌ವಾಚ್ ಹಿಡಿದಾಗ ಅವರು ಕೆಲಸ ಬಿಟ್ಟು ಹೊರನಡೆದರು. ವಿಷಯ ಸಂಸತ್ತಿಗೆ ಹೋಯಿತು. ವಿಚಾರಣೆ ನಡೆಯಿತು. ಮುಂದಿನ ಕೆಲವು ವರ್ಷಗಳಲ್ಲಿ, ಸೇನೆಯ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿಯುವುದಕ್ಕೆ ಸರ್ಕಾರದ ಹಣ ಬಳಸಕೂಡದು ಎಂಬ ಷರತ್ತನ್ನು ಅಮೆರಿಕದ ಸಂಸತ್ತು ಹಣಕಾಸಿನ ಮಸೂದೆಗಳಲ್ಲಿ ಸೇರಿಸಿತು. ಆ ನಿರ್ಬಂಧ 1940ರ ದಶಕದ ಕೊನೆಯವರೆಗೂ ಇತ್ತು.

ಐವತ್ತಾರು ವರ್ಷದ ದಿನಚರಿ

ಟೇಲರನ ಗಾಳಿ ರಷ್ಯಾಕ್ಕೂ ಬೀಸಿತು. 1923ರಲ್ಲಿ ಮಾಸ್ಕೋದಲ್ಲಿ ಪ್ಲಾಟೊನ್ ಕೆರ್ಜೆಂಟ್ಸೆವ್ ಎಂಬ ಪತ್ರಕರ್ತ ‘ಕಾಲದ ಸಂಘ’ ಕಟ್ಟಿದ. ಸದಸ್ಯರು ತಮ್ಮ ದಿನದ ಸಮಯವನ್ನು ಒಂದು ಕಾರ್ಡಿನಲ್ಲಿ ಬರೆಯಬೇಕು, ವ್ಯರ್ಥ ಸಭೆಗಳನ್ನು, ತಡವಾಗಿ ಬರುವವರನ್ನು ಎದುರಿಸಬೇಕು. ಉತ್ಸಾಹ ಬಹಳ ದಿನ ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಸಂಘ ಮುಚ್ಚಿತು.

ಅದೇ ದೇಶದಲ್ಲಿ, ಯಾವ ಸಂಘದ ಹಂಗೂ ಇಲ್ಲದೆ, ಒಬ್ಬ ಮನುಷ್ಯ ತನ್ನ ಲೆಕ್ಕ ಬರೆಯುತ್ತಲೇ ಇದ್ದ. ಅಲೆಕ್ಸಾಂಡರ್ ಲ್ಯುಬಿಷ್ಚೆವ್, ಕೀಟಶಾಸ್ತ್ರಜ್ಞ. ಬೆಳೆ ತಿನ್ನುವ ಪುಟ್ಟ ದುಂಬಿಗಳನ್ನು ವಿಂಗಡಿಸುವುದು ಅವನ ಮೆಚ್ಚಿನ ಕೆಲಸ. 1916ರ ಜನವರಿ 1ರಂದು ತನ್ನ ಸಮಯದ ದಿನಚರಿ ಶುರುಮಾಡಿ, 1972ರಲ್ಲಿ ಸಾಯುವ ತನಕ ಬರೆದ. ನಡುವೆ ಕ್ರಾಂತಿ ಬಂತು, ಎರಡನೆಯ ಮಹಾಯುದ್ಧ ಬಂತು. ದಿನಚರಿ ಮುಂದುವರಿಯಿತು. ಅದರಲ್ಲಿ ಭಾವನೆಗಳ ಸುದ್ದಿ ಕಡಿಮೆ. ಇಂಥ ಪುಸ್ತಕ ಓದಿದ್ದು ಇಷ್ಟು ನಿಮಿಷ, ಇಂಥವರಿಗೆ ಕಾಗದ ಬರೆದದ್ದು ಇಷ್ಟು ನಿಮಿಷ, ದುಂಬಿ ವಿಂಗಡಿಸಿದ್ದು ಇಷ್ಟು ಗಂಟೆ. ತಿಂಗಳಿಗೊಮ್ಮೆ ಕೂಡಿಸುವುದು, ವರ್ಷಕ್ಕೊಮ್ಮೆ ಜಮಾಖರ್ಚು. ಅವನು ಸತ್ತ ಎರಡು ವರ್ಷಕ್ಕೆ, 1974ರಲ್ಲಿ, ಕಾದಂಬರಿಕಾರ ದನೀಲ್ ಗ್ರಾನಿನ್ ಈ ದಿನಚರಿಗಳ ಬಗ್ಗೆ ಒಂದು ಪುಸ್ತಕ ಬರೆದದ್ದರಿಂದ ಜಗತ್ತಿಗೆ ಗೊತ್ತಾಯಿತು.

ಲ್ಯುಬಿಷ್ಚೆವ್ ಕೂಡ ನಿವ್ವಳ ಸಮಯವನ್ನೇ ಎಣಿಸುತ್ತಿದ್ದ. ಕೆಲಸದ ನಡುವಿನ ಹರಟೆ, ವಿರಾಮ ಎಲ್ಲ ಕಳೆದು ಉಳಿದದ್ದು. ಗಣಿತ ನೋಡಿದರೆ ಕ್ರೌಲಿಯದೇ ಗಣಿತ, ಅದೇ ಕೂಡುವುದು, ಅದೇ ಕಳೆಯುವುದು. ಆದರೆ ಅದರಿಂದ ಅವನು ತೆಗೆದ ತೀರ್ಮಾನಗಳನ್ನು ನೋಡಿ. ದಣಿದರೆ ಕೆಲಸ ನಿಲ್ಲಿಸಬೇಕು. ಅವಸರದ ಕೆಲಸ ಒಪ್ಪಿಕೊಳ್ಳಬಾರದು. ಹತ್ತು ಗಂಟೆ ನಿದ್ದೆ ಮಾಡಬೇಕು. ಬೇಸರದ ಕೆಲಸದ ಜೊತೆ ಇಷ್ಟದ ಕೆಲಸ ಸೇರಿಸಬೇಕು. ಕ್ರೌಲಿಯ ಪುಸ್ತಕ ಹದಿಮೂರೂವರೆ ಗಂಟೆ ಬೇಡಿತು. ಲ್ಯುಬಿಷ್ಚೆವ್‌ನ ಪುಸ್ತಕ, ಮನುಷ್ಯನಿಂದ ದಿನಕ್ಕೆ ನಿಜವಾಗಿ ಎಷ್ಟು ಗಂಟೆ ಒಳ್ಳೆಯ ಕೆಲಸ ಆಗುತ್ತದೆ ಎಂದು ಕಂಡುಕೊಂಡು ಅದಕ್ಕೆ ತಕ್ಕಂತೆ ಯೋಜನೆ ಹಾಕಲು ನೆರವಾಯಿತು. ಲೆಕ್ಕ ಒಂದೇ. ಪುಸ್ತಕ ಹಿಡಿದ ಕೈ ಬೇರೆ.

ಕಂಪ್ಯೂಟರ್ ಮುಂದೆ

ಕಂಪ್ಯೂಟರಿನಲ್ಲಿ ಸಮಯದ ಲೆಕ್ಕ ಶುರುವಾದದ್ದು ಯಂತ್ರಕ್ಕಾಗಿ, ಮನುಷ್ಯನಿಗಾಗಿ ಅಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿತು. ಆಗ ಯಂತ್ರದ ಹೊತ್ತು ತುಂಬಾ ತುಟ್ಟಿ, ಮನುಷ್ಯನ ಹೊತ್ತು ಅಗ್ಗ. ನಮ್ಮ ಕಡೆ ನಾಲೆಯ ನೀರಿಗೆ ಸರದಿ ಇರುವಂತೆ ಒಬ್ಬೊಬ್ಬರಿಗೂ ವಾರಕ್ಕೆ ಇಷ್ಟು ಗಂಟೆ ಎಂದು ಪಾಲು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಸಿಕ್ಕ ಪಾಲು ವಾರಕ್ಕೆ 4 ಗಂಟೆ. ಅದು ಸಾಲಲಿಲ್ಲ. 1962ರಲ್ಲಿ ಆತ ಎಲ್ಲರ ಪಾಸ್‌ವರ್ಡುಗಳ ಕಡತವನ್ನು ಮುದ್ರಿಸಿಕೊಂಡು ಬೇರೆಯವರ ಪಾಲಿನಲ್ಲಿ ಕೆಲಸ ಮಾಡಿದ. ರಾತ್ರಿ ತೂಬು ಎತ್ತಿ ಪಕ್ಕದವನ ಸರದಿಯ ನೀರು ತಿರುಗಿಸಿಕೊಂಡ ಹಾಗೆ. ಪಾಸ್‌ವರ್ಡ್ ಕಳ್ಳತನದ ಮೊದಲ ಕಥೆಗಳಲ್ಲಿ ಒಂದು ಹುಟ್ಟಿದ್ದು ಸ್ಕ್ರೀನಿನ ಸಮಯ ಸಾಲದ್ದಕ್ಕೆ.

ಆಮೇಲೆ ಯಂತ್ರ ಅಗ್ಗವಾಯಿತು, ಮನುಷ್ಯನ ಗಮನ ತುಟ್ಟಿಯಾಯಿತು. ಲೆಕ್ಕದ ಮುಖ ತಿರುಗಿತು. ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ರೆಸ್ಕ್ಯೂಟೈಮ್ 2008ರ ಹೊತ್ತಿಗೆ ಜನರ ಕಂಪ್ಯೂಟರುಗಳಲ್ಲಿ ಕೂತಿತು. ನೀವು ಬಳಸುವ ಪ್ರತಿ ತಂತ್ರಾಂಶಕ್ಕೂ, ವೆಬ್‌ಸೈಟಿಗೂ ‘ತುಂಬಾ ಉತ್ಪಾದಕ’ದಿಂದ ಹಿಡಿದು ‘ತುಂಬಾ ಗಮನ ಕೆಡಿಸುವಂಥದ್ದು’ ತನಕ ಐದು ದರ್ಜೆ ಇದ್ದವು. ಬೇಡವಾದರೆ ದರ್ಜೆಯನ್ನು ನೀವೇ ಬದಲಾಯಿಸಿಕೊಳ್ಳಬಹುದಿತ್ತು. 2016ರ ಸುಮಾರಿಗೆ ಬಂದ ಆಕ್ಟಿವಿಟಿವಾಚ್ ಎಂಬ ಮುಕ್ತ ತಂತ್ರಾಂಶ ಎಲ್ಲ ದಾಖಲೆಯನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಇಡುತ್ತದೆ, ಹೊರಗೆ ಕಳಿಸುವುದಿಲ್ಲ.

ಗಣಿತಜ್ಞ, ತಂತ್ರಾಂಶ ಉದ್ಯಮಿ ಸ್ಟೀಫನ್ ವುಲ್ಫ್ರಮ್ 2012ರಲ್ಲಿ ತನ್ನ ಲೆಕ್ಕವನ್ನು ಪ್ರಕಟಿಸಿದ. 1989ರಿಂದ ಕಳಿಸಿದ ಇಮೇಲ್‌ಗಳು, 2002ರಿಂದ ಒತ್ತಿದ ಪ್ರತಿ ಕೀಲಿ. ಒತ್ತಿದ ಕೀಲಿಗಳಲ್ಲಿ ನೂರಕ್ಕೆ ಸುಮಾರು 7 ಅಳಿಸುವ ಕೀಲಿ ಎಂಬುದು ಅದರಲ್ಲಿ ಕಂಡಿತು. ಫ್ರಾಂಕ್ಲಿನ್ ಹಾಳೆಯ ತೂತುಗಳ ಮೊಮ್ಮಕ್ಕಳು ಇವು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್ 2004ರ ಸುಮಾರಿಗೆ ಕಚೇರಿಗಳಲ್ಲಿ ಜನರ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ಕೂತರು. ಅದು ಟೇಲರನದೇ ಸಾಧನ. ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಮುಂದೆ ಸ್ಟಾಪ್‌ವಾಚ್ ಬಿಟ್ಟು ತಂತ್ರಾಂಶದಿಂದಲೇ ಅಳೆದಾಗ ಅದು ಇಳಿಯುತ್ತಾ ಬಂದು 47 ಸೆಕೆಂಡಿಗೆ ಮುಟ್ಟಿತ್ತು. ಆದರೆ ಅವರು 2023ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಮನುಷ್ಯನ ಸೋಮಾರಿತನವನ್ನಷ್ಟೇ ಹೊಣೆ ಮಾಡುವುದಿಲ್ಲ. ಗಮನಕ್ಕೂ ಏರಿಳಿತದ ಲಯ ಇದೆ, ದಿನವಿಡೀ ಒಂದೇ ಸಮ ಬಿಗಿಯಾಗಿ ಇರಲಾಗದು ಎನ್ನುತ್ತಾರೆ. ಲ್ಯುಬಿಷ್ಚೆವ್ ತನ್ನ ಪುಸ್ತಕದಿಂದ ಕಲಿತದ್ದೂ ಇದನ್ನೇ.

2018ರಲ್ಲಿ ಗೂಗಲ್ ಮತ್ತು ಆಪಲ್ ಎರಡೂ ತಮ್ಮ ಫೋನುಗಳಲ್ಲೇ ಸ್ಕ್ರೀನ್ ಸಮಯದ ಲೆಕ್ಕ ಕೊಡತೊಡಗಿದವು. ಎರಡು ವರ್ಷಕ್ಕೆ ಕೋವಿಡ್ ಬಂತು, ಕಚೇರಿಗಳು ಮನೆಗೆ ಬಂದವು. ಧಣಿಗಳಿಗೆ ಮತ್ತೆ ಕ್ರೌಲಿಯ ಚಿಂತೆ: ಆಳು ಕಣ್ಣಿಗೆ ಕಾಣುವುದಿಲ್ಲ. 2020ರ ಕೊನೆಗೆ ಮೈಕ್ರೋಸಾಫ್ಟ್ ತನ್ನ ಕಚೇರಿ ತಂತ್ರಾಂಶದಲ್ಲಿ ‘ಉತ್ಪಾದಕತೆಯ ಅಂಕ’ ತಂದಾಗ, ಯಾವ ನೌಕರ ಎಷ್ಟು ದಿನ ಇಮೇಲ್, ಚಾಟ್ ಬಳಸಿದ ಎಂಬುದು ಹೆಸರು ಸಹಿತ ಕಾಣುತ್ತಿತ್ತು. ಟೀಕೆ ಜೋರಾಯಿತು. ಅದೇ ಡಿಸೆಂಬರ್ ಮೊದಲ ದಿನ, ವ್ಯಕ್ತಿಗಳ ಹೆಸರು ತೆಗೆಯುವುದಾಗಿ ಕಂಪನಿ ಹೇಳಿತು. ವಾಟರ್‌ಟೌನಿನ ಎರಕದವರ ಮೊಮ್ಮಕ್ಕಳು ಗೆದ್ದ ಒಂದು ಸಣ್ಣ ಗೆಲುವು ಎಂದು ನಾವು ಇದನ್ನು ಓದುತ್ತೇವೆ.

ಪುಸ್ತಕಕ್ಕೆ ಕಾಣದ್ದು

ಈಗ ನಮ್ಮ ಮಾತು. ನಮ್ಮಲ್ಲಿ ಐದು ಮಂದಿ ಒಂದು ತಿಂಗಳು ಇಂಥ ತಂತ್ರಾಂಶ ಬಳಸಿದೆವು, ಪಕ್ಕದಲ್ಲಿ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡೆವು. ತಂತ್ರಾಂಶದಿಂದ ಲಾಭ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನುಡಿಯಲ್ಲಿ ಬಂದ ಬರಹವನ್ನು ಯೂನಿಕೋಡಿಗೆ ಬದಲಿಸಿ, ಒಡೆದುಹೋದ ಒತ್ತಕ್ಷರ, ಅರ್ಕಾವತ್ತುಗಳನ್ನು ಸರಿಮಾಡುವುದಕ್ಕೆ ಎಷ್ಟು ಹೊತ್ತು ಸುರಿಯುತ್ತಿದ್ದೇವೆ ಎಂದು ಗೊತ್ತಾಯಿತು. ವಾಟ್ಸಾಪನ್ನು ಮತ್ತೆ ಮತ್ತೆ ಇಣುಕುವ ಚಟ ಪಟ್ಟಿಯಲ್ಲಿ ಎದ್ದು ಕಂಡಿತು. ಇದು ಕನ್ನಡಿಯ ಕೆಲಸ.

ಆದರೆ ಗ್ರಾಮಸಭೆಯ ಎರಡು ಗಂಟೆಯ ರೆಕಾರ್ಡಿಂಗ್ ಕೇಳಿ ಟಿಪ್ಪಣಿ ಮಾಡಿಕೊಂಡದ್ದು ‘ಮನರಂಜನೆ’ಯ ಲೆಕ್ಕಕ್ಕೆ ಹೋಯಿತು. ಈರುಳ್ಳಿ ಬೆಲೆ ಬಿದ್ದ ಬಗ್ಗೆ ರೈತರೊಬ್ಬರ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದು ‘ನಿಷ್ಕ್ರಿಯ’. ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬಂದ ಇಡೀ ದಿನ ಖಾಲಿ, ಒಂದು ಗೆರೆಯೂ ಇಲ್ಲ. ಬೇರೆ ಪತ್ರಿಕೆಗಳ ಸುದ್ದಿ ಓದಿದ್ದು ‘ಗಮನ ಕೆಡಿಸುವಂಥದ್ದು’. ಕ್ರೌಲಿ ಸುದ್ದಿ ಓದುವುದನ್ನು ಕೂಲಿಯಿಂದ ಕಳೆದದ್ದು ನೆನಪಿದೆಯಲ್ಲ? ಮುನ್ನೂರು ವರ್ಷದ ಮೇಲೆ, ನಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ, ನಾವೇ ಹಾಕಿಕೊಂಡ ತಂತ್ರಾಂಶದೊಳಗೆ ಅದೇ ಕಲಂ ಕೂತಿತ್ತು. ಪುಸ್ತಕ ನಮ್ಮ ಕೈಗೆ ಬಂದಿತ್ತು, ಕಂಬಗಳಿಗೆ ಹೆಸರಿಟ್ಟವರು ಬೇರೆ ಯಾರೋ.

ಗುಂಪಿನ ಗೆಳತಿಯರ ಪಟ್ಟಿಯಲ್ಲಿ ಇನ್ನೊಂದು ವಿಷಯ ಕಂಡಿತು. ಕೆಲಸ ಇಪ್ಪತ್ತು ನಿಮಿಷ, ಖಾಲಿ ಹದಿನೈದು ನಿಮಿಷ, ಮತ್ತೆ ಕೆಲಸ. ತಂತ್ರಾಂಶದ ಕಣ್ಣಿಗೆ ಅದು ಚಂಚಲತೆ. ಆ ಖಾಲಿ ಜಾಗಗಳಲ್ಲಿ ಒಲೆ, ನೀರು, ಮಗು, ಅತ್ತೆಯ ಮಾತ್ರೆ ಇದ್ದವು ಎಂದು ನೋಟ್‌ಬುಕ್ಕಿನಿಂದ ಗೊತ್ತಾಯಿತು. ನಮ್ಮ ದೇಶದಲ್ಲಿ 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಈ ಖಾಲಿ ಜಾಗವನ್ನು ಎಣಿಸಿತ್ತು. ಬೆಳಗಿನ ಜಾವ 4ರಿಂದ ಮರುದಿನ 4ರ ತನಕ ಅರ್ಧರ್ಧ ಗಂಟೆಯ ಲೆಕ್ಕ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕಾಗಿ ಕಳೆಯುತ್ತಿದ್ದುದು ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ. ಯಾವ ಸ್ಕ್ರೀನೂ ಇದನ್ನು ದಾಖಲಿಸುವುದಿಲ್ಲ. ಕಂಬ ಇದ್ದರೆ ತಾನೇ ಅಂಕಿ ಬೀಳುವುದು?

ಹಾಗಾದರೆ ಈ ಲೆಕ್ಕವನ್ನೇ ಬಿಟ್ಟುಬಿಡೋಣವೇ? ಬೇಡ ಎನ್ನುತ್ತೇವೆ, ಅದಕ್ಕೆ ಕಾರಣವೂ ಇದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ, ಪತ್ರಕರ್ತರಿಂದ ಸತತ ನಾಲ್ಕು ವಾರಗಳಲ್ಲಿ 144 ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳುವಂತಿಲ್ಲ ಎಂದಿತ್ತು. ಎಂದರೆ ವಾರಕ್ಕೆ 36 ಗಂಟೆ. ಊಟದ ಹೊತ್ತು ಅದರಲ್ಲಿ ಸೇರಿಲ್ಲ. ಹೀಗೊಂದು ಮಿತಿ ಕಾನೂನಿನಲ್ಲಿ ಬರೆದಿತ್ತು ಎಂದು ತಾಲ್ಲೂಕು ವರದಿಗಾರರಿಗೆ ಹೇಳಿದರೆ ನಗುತ್ತಾರೆ. ಸುದ್ದಿಯೊಂದಕ್ಕೆ ಇಷ್ಟು ಎಂದು ಪಡೆಯುವವರಿಗೆ ತಾವು ನೌಕರರು ಎಂದು ತೋರಿಸುವುದೇ ಕಷ್ಟ, ಗಂಟೆಯ ಮಿತಿಯ ಮಾತು ಆಮೇಲೆ. ಆದರೆ 144 ಎಂಬ ಅಂಕಿಗೆ ಅರ್ಥ ಬರಬೇಕಾದರೆ ಯಾರಾದರೂ ಎಣಿಸಿರಬೇಕು. ನಾವು ಎಣಿಸದಿದ್ದರೆ ಧಣಿಯ ಎಣಿಕೆಯೇ ಉಳಿಯುತ್ತದೆ.

ನಮ್ಮ ನೋಟ್‌ಬುಕ್ಕಿನಿಂದ ಒಂದು ಲೆಕ್ಕ ಹೊರಬಂತು. ಕೆರೆ ಒತ್ತುವರಿಯ ಒಂದು ವರದಿಗೆ ಹೋದ ಗಂಟೆಗಳನ್ನೆಲ್ಲ ಕೂಡಿಸಿದೆವು. ಬಸ್ಸು, ತಹಶೀಲ್ದಾರ್ ಕಚೇರಿಯ ಬೆಂಚು, ಪಹಣಿ ತೆಗೆಸಿದ್ದು, ಫೋನು, ರೆಕಾರ್ಡಿಂಗ್, ಕೊನೆಗೆ ಸ್ಕ್ರೀನಿನ ಮುಂದೆ ಬರೆದದ್ದು. ಬರೆದ ಭಾಗ ಎಲ್ಲಕ್ಕಿಂತ ಚಿಕ್ಕದು. ಬಂದ ಸಂಭಾವನೆಯನ್ನು ಆ ಗಂಟೆಗಳಿಂದ ಭಾಗಿಸಿದರೆ ಸಿಕ್ಕ ಮೊತ್ತ ಊರಿನ ಕಳೆ ಕೂಲಿಗಿಂತ ಕಡಿಮೆ. ತಂತ್ರಾಂಶ ಕೊಟ್ಟ ಅಂಕ ‘ನೀನು ಇನ್ನೂ ಚುರುಕಾಗಬೇಕು’ ಎಂದಿತ್ತು. ನೋಟ್‌ಬುಕ್ ‘ನಿನ್ನ ಕೆಲಸಕ್ಕೆ ಸರಿಯಾದ ಬೆಲೆ ಸಿಗುತ್ತಿಲ್ಲ’ ಎಂದಿತು. ಇಬ್ಬರೂ ನೋಡಿದ್ದು ಅದೇ ವಾರವನ್ನು.

ಆದ್ದರಿಂದ ಸ್ಕ್ರೀನ್ ಸಮಯದ ಲೆಕ್ಕ ಇಡಬೇಕೆಂದಿರುವ ಗೆಳೆಯರಿಗೆ ಮೂರು ಮಾತು. ದಾಖಲೆ ನಿಮ್ಮ ಯಂತ್ರದಲ್ಲೇ ಉಳಿಯುವಂಥ ತಂತ್ರಾಂಶ ಆರಿಸಿಕೊಳ್ಳಿ. ಅದು ಕೊಡುವ ದರ್ಜೆಗಳನ್ನು ಮೊದಲ ದಿನವೇ ಅಳಿಸಿ, ನಿಮ್ಮ ಕೆಲಸಕ್ಕೆ ತಕ್ಕ ಹೆಸರು ಹಾಕಿ. ಸ್ಕ್ರೀನಿಗೆ ಕಾಣದ ದುಡಿಮೆಗೆ ಪಕ್ಕದಲ್ಲೊಂದು ನೋಟ್‌ಬುಕ್ ಇಡಿ, ಮನೆಯ ದುಡಿಮೆಗೂ ಅದರಲ್ಲಿ ಒಂದು ಕಂಬ ಎಳೆಯಿರಿ. ಮುಂದಿನ ಸಲ ಸಂಪಾದಕರ ಹತ್ತಿರ ಸಂಭಾವನೆಯ ಮಾತು ಬಂದಾಗ ಆ ನೋಟ್‌ಬುಕ್ ಜೊತೆಗೆ ತೆಗೆದುಕೊಂಡು ಹೋಗಿ.